ಕುರಿಗಳನ್ನು ಉಳಿಸಿದ ಲೂಯಿ ಪಾಶ್ಚರ್

ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದವರು ಲೂಯಿ ಪಾಶ್ಚರ್ ಎಂದು ನಮಗೆಲ್ಲ ಗೊತ್ತು. ಅದಕ್ಕಿಂತ ಮುಂಚೆ ಅವರು ಕುರಿ, ದನಗಳಿಗೆ ಮಾಡಿದ ಉಪಕಾರವನ್ನು ನಾನು ಇಲ್ಲಿ ಬರೆಯುತ್ತೇನೆ.

ಪಾಶ್ಚರ್ ಅವರು 1822ರ ಡಿಸೆಂಬರ್ 27ರಂದು ಫ್ರಾನ್ಸ್ ದೇಶದ ದೋಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಚರ್ಮ ಹದ ಮಾಡುವವರು. ಪಾಶ್ಚರ್ ದನದ ಡಾಕ್ಟರಲ್ಲ, ರಸಾಯನಶಾಸ್ತ್ರ ಓದಿದವರು. 1868ರಲ್ಲಿ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದರೂ ಅವರು ಕೆಲಸ ಬಿಡಲಿಲ್ಲ.

ಆಗ ಅಲ್ಲಿ ನೆರಡಿ ರೋಗದಿಂದ ಕುರಿಗಳು ಹಿಂಡುಗಟ್ಟಲೆ ಸಾಯುತ್ತಿದ್ದವು. ಕೆಲವು ಹೊಲಗಳಲ್ಲಿ ಮೇಯ್ದರೆ ಸಾವು ಖಂಡಿತ ಎಂದು ಜನ ಹೆದರಿ, ಅವನ್ನು ಶಾಪದ ಹೊಲ ಎನ್ನುತ್ತಿದ್ದರು. ಈ ರೋಗದ ಕ್ರಿಮಿ ಬೀಜಕವಾಗಿ ಬಹುಕಾಲ ಉಳಿಯುತ್ತದೆ ಎಂದು ಜರ್ಮನಿಯ ರಾಬರ್ಟ್ ಕಾಕ್ 1876ರಲ್ಲಿ ತೋರಿಸಿದ್ದರು. ಆದರೆ ಅದು ಕುರಿಯ ಬಾಯಿಗೆ ಬರುವುದು ಹೇಗೆ?

ಪಾಶ್ಚರ್ ಹೊಲಕ್ಕೇ ಹೋಗಿ ನೋಡಿದರು. ಒಂದು ಹೊಲದಲ್ಲಿ ಒಂದು ಕಡೆ ಮಾತ್ರ ಮಣ್ಣಿನ ಬಣ್ಣ ಬೇರೆ ಇತ್ತು. ಕೇಳಿದರೆ, ಹಿಂದಿನ ವರ್ಷ ನೆರಡಿಯಿಂದ ಸತ್ತ ಕುರಿಗಳನ್ನು ಅಲ್ಲೇ ಹೂತಿದ್ದಾಗಿ ಹೊಲದ ಯಜಮಾನ ಹೇಳಿದ. ಅದರ ಮೇಲೆ ಎರೆಹುಳುಗಳು ಹೊರಹಾಕಿದ ಮಣ್ಣಿನ ಸಣ್ಣ ಸಣ್ಣ ಗುಪ್ಪೆಗಳಿದ್ದವು. ಅಂಥ ಎರೆಹುಳುಗಳ ಹೊಟ್ಟೆಯ ಮಣ್ಣನ್ನು ಪರೀಕ್ಷಿಸಿದಾಗ ರೋಗದ ಬೀಜಕಗಳು ಸಿಕ್ಕವು. ಅಲ್ಲಿದ್ದದ್ದು ಶಾಪವಲ್ಲ, ಹೂತ ಹೆಣ! ಮೇಯಿಸುವ ಜಾಗದಲ್ಲಿ ಸತ್ತ ಕುರಿಯನ್ನು ಹೂಳಬಾರದು ಎಂದು ಅವರು 1880ರಲ್ಲಿ ರೈತರಿಗೆ ತಿಳಿಸಿದರು.

1881ರ ಮೇ ತಿಂಗಳಲ್ಲಿ ಪುಯಿ-ಲ-ಫೋರ್ ಎಂಬ ಹಳ್ಳಿಯಲ್ಲಿ 24 ಕುರಿ, 1 ಮೇಕೆ, 6 ದನಗಳಿಗೆ ಎರಡು ಸಲ ಲಸಿಕೆ ಹಾಕಿದರು. ಇನ್ನೂ 24 ಕುರಿ, 1 ಮೇಕೆ, 4 ದನಗಳಿಗೆ ಹಾಕಲಿಲ್ಲ. ಮೇ 31ರಂದು ಎಲ್ಲಕ್ಕೂ ರೋಗದ ಕ್ರಿಮಿ ಚುಚ್ಚಿದರು. ಜೂನ್ 2ರ ಸಂಜೆಯೊಳಗೆ ಲಸಿಕೆ ಇಲ್ಲದ ಕುರಿಗಳೂ ಮೇಕೆಯೂ ಸತ್ತವು, ದನಗಳು ಜ್ವರ ಬಂದು ನರಳಿದವು. ಲಸಿಕೆ ಹಾಕಿದ್ದರಲ್ಲಿ ಒಂದು ಗಬ್ಬದ ಕುರಿ ಮಾತ್ರ ಆಮೇಲೆ ಸತ್ತಿತು. ಪಾಶ್ಚರ್ 1895ರ ಸೆಪ್ಟೆಂಬರ್ 28ರಂದು ತೀರಿಕೊಂಡರು.

ಹೋದ ಮಳೆಗಾಲದಲ್ಲಿ ನಮ್ಮ ಎರಡು ಕುರಿ ಒಂದೇ ದಿನ ಸತ್ತವು. ಯಾವ ರೋಗ ಅಂತ ನಾವು ಯಾರನ್ನೂ ಕೇಳಲಿಲ್ಲ. ಹಳ್ಳದ ದಂಡೆಗೆ ಎಳೆದು ಹಾಕಿದೆವು, ನಾನೂ ಕಾಲು ಹಿಡಿದಿದ್ದೆ. ಈಗ ಅಲ್ಲೇ ಊರ ದನ ಮೇಯ್ತಾವೆ. ಇದನ್ನು ಓದಿ ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ಮೇಲೆ ಆ ಕಡೆ ಕುರಿ ಹೊಡೀಬೇಡ ಅಂದರು.

ಗೆಳೆಯರೇ, ಕುರಿ, ದನ ಇದ್ದಕ್ಕಿದ್ದಂತೆ ಸತ್ತರೆ ಕುಯ್ಯಬೇಡಿ, ಎಳೆದು ಎಸೆಯಬೇಡಿ. ಈ ರೋಗ ಮನುಷ್ಯರಿಗೂ ಬರುತ್ತೆ. ಮೊದಲು ದನದ ಡಾಕ್ಟರಿಗೆ ತಿಳಿಸಿ.