ದೇವರಿಗೆ ಫೋನ್ ಮಾಡಿದ ಹಾಡುಗಾರ: ಆಸ್ಟ್ರೇಲಿಯಾದ ಜಿಮ್ಮಿ ಲಿಟಲ್

ನಾನು ಗಲ್ಫಿಗೆ ಬಂದ ಹೊಸತರಲ್ಲಿ ಊರಿಗೆ ಫೋನ್ ಮಾಡಬೇಕಾದರೆ ಕಾರ್ಡ್ ಖರೀದಿಸಬೇಕಿತ್ತು. ಶುಕ್ರವಾರ ಬಂತೆಂದರೆ ಬೂತಿನ ಎದುರು ಕ್ಯೂ. ಹಿಂದೆ ನಿಂತವರ ಗೊಣಗಾಟ ಒಂದು ಕಡೆ, ಕಾರ್ಡಿನಲ್ಲಿ ಎಷ್ಟು ನಿಮಿಷ ಉಳಿದಿದೆ ಎಂಬ ಚಿಂತೆ ಇನ್ನೊಂದು ಕಡೆ. ಅಮ್ಮ ಕಷ್ಟ ಸುಖ ಹೇಳಲು ಶುರು ಮಾಡುವಷ್ಟರಲ್ಲಿ ಲೈನ್ ಕಟ್! ಈಗ ಮೊಬೈಲಿನಲ್ಲಿ ಮುಖ ನೋಡಿಕೊಂಡು ಗಂಟೆಗಟ್ಟಲೆ ಮಾತಾಡುವ ಹುಡುಗರಿಗೆ ಇದೆಲ್ಲ ತಮಾಷೆಯಾಗಿ ಕಾಣಬಹುದು. ಆದರೆ ಆ ಕ್ಯೂನಲ್ಲಿ ನಿಂತವರು ಇವತ್ತಿಗೂ ಅದನ್ನು ಮರೆತಿಲ್ಲ.

ಈ ಫೋನಿನ ನೆನಪು ಮತ್ತೆ ಎದ್ದು ಬಂದದ್ದು ದೂರದ ಸಿಡ್ನಿಯಲ್ಲಿ. ಒಂದು ವರ್ಷ ರಜೆಯಲ್ಲಿ ಚಾಟ್ಸ್‌ವುಡ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಕಾರಿನಲ್ಲಿ ಭಾವ ಒಂದು ಹಳೆಯ ಇಂಗ್ಲಿಷ್ ಹಾಡು ಹಾಕಿದರು. ದೇವರಿಗೆ ಫೋನ್ ಮಾಡುವ ಹಾಡು ಅದು. ಆ ಫೋನಿಗೆ ಬಿಲ್ಲಿಲ್ಲ, ಯಾವ ಹೊತ್ತಿಗೆ ಮಾಡಿದರೂ ಲೈನ್ ಸಿಗುತ್ತದೆ ಎಂಬುದು ಅದರ ಸಾರಾಂಶ. ದನಿ ಎಷ್ಟು ಮೆದುವಾಗಿತ್ತೆಂದರೆ ಹಾಡುವವರು ಪಕ್ಕದ ಸೀಟಿನಲ್ಲೇ ಕೂತ ಹಾಗಿತ್ತು. ಯಾರಿದು ಭಾವಾ ಎಂದು ಕೇಳಿದೆ. ಜಿಮ್ಮಿ ಲಿಟಲ್, ಇಲ್ಲಿಯ ಮೂಲನಿವಾಸಿ ಗಾಯಕ ಎಂದರು. ಅವತ್ತಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದೆ. ಮನೆಮಠ ಬಿಟ್ಟು ದುಡಿಯುವ ನಮ್ಮಂಥವರಿಗೆ ಈ ಬದುಕು ಗೊತ್ತಿರಬೇಕು ಅನ್ನಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಜಿಮ್ಮಿ ಹುಟ್ಟಿದ್ದು 1937ರ ಮಾರ್ಚ್ 1ರಂದು, ಮರ್ರಿ ನದಿಯ ದಡದ ಕಮರಗಂಜ ಎಂಬಲ್ಲಿ. ಅದು ಮೂಲನಿವಾಸಿಗಳನ್ನು ಇರಿಸಿದ್ದ ಸರಕಾರಿ ವಸತಿ. ನದಿಯ ಈಚೆ ದಡ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯ, ಆಚೆ ದಡ ಮೆಲ್ಬೋರ್ನ್ ಇರುವ ವಿಕ್ಟೋರಿಯಾ ರಾಜ್ಯ. ವಸತಿಯ ರೇಷನ್ನಿನಿಂದ ಹಿಡಿದು ಒಳಗೆ ಬರುವುದು, ಹೊರಗೆ ಹೋಗುವುದು ಎಲ್ಲ ಮ್ಯಾನೇಜರನ ಮರ್ಜಿ. ಕ್ಯಾಂಪಿನಲ್ಲಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸ ಒಂದೇ. ನಮಗೆ ಕಾಂಟ್ರಾಕ್ಟ್ ಮುಗಿದರೆ ಹೋಗಲು ಒಂದು ಊರಿದೆ. ಅವರಿಗೆ ಅದೇ ಊರು, ಅವರದೇ ನೆಲ.

1939ರ ಫೆಬ್ರವರಿ 4ರಂದು ಅಲ್ಲಿಯ ಜನರ ತಾಳ್ಮೆ ಮುಗಿಯಿತು. ಆಹಾರದ ಕೊರತೆ ಮತ್ತು ಆಡಳಿತದ ದಬ್ಬಾಳಿಕೆ ಸಾಕಾಗಿ ಸುಮಾರು 200 ಮಂದಿ ಗಂಟುಮೂಟೆ ಕಟ್ಟಿ ನದಿ ದಾಟಿ ಹೊರಟರು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಹೋರಾಟದಲ್ಲಿ ಇದು ದೊಡ್ಡ ಘಟನೆ. ಜಿಮ್ಮಿಯ ಮನೆಯವರೂ ವಸತಿ ಬಿಟ್ಟು ಹೊರಟರು. ಮಗುವಿಗೆ ಆಗ ಎರಡು ವರ್ಷ ತುಂಬಿರಲಿಲ್ಲ. ಮುಂದೆ ಅವರು ತಂದೆಯ ಕಡೆಯ ಊರಾದ ವಲ್ಲಗಾ ಲೇಕ್‌ಗೆ, ಸಮುದ್ರದ ಕರಾವಳಿಗೆ ಹೋದರು.

ಮನೆಯಲ್ಲಿ ದುಡ್ಡಿರಲಿಲ್ಲ, ಆದರೆ ಹಾಡು ಮತ್ತು ನಗು ಧಾರಾಳವಾಗಿತ್ತು. ತಂದೆಯ ಹೆಸರೂ ಜಿಮ್ಮಿ ಲಿಟಲ್. ಅವರು ಹಾಸ್ಯಗಾರ, ಕುಣಿತದವರು, ಹಾಡುಗಾರ. 1930 ಮತ್ತು 40ರ ದಶಕಗಳಲ್ಲಿ ತಮ್ಮದೇ ತಂಡ ಕಟ್ಟಿಕೊಂಡು ಊರೂರು ತಿರುಗಿ ಆಟ ತೋರಿಸುತ್ತಿದ್ದರು. ನಮ್ಮ ಕಡೆ ಮೇಳಗಳು ತಿರುಗಾಟ ಹೊರಡುವುದಿಲ್ಲವೇ, ಹೆಚ್ಚುಕಡಿಮೆ ಹಾಗೆಯೇ. ತಾಯಿ ಫ್ರಾನ್ಸಿಸ್ ಯೊರ್ಟಾ ಯೊರ್ಟಾ ಜನಾಂಗದವರು, ಒಳ್ಳೆಯ ಗಾಯಕಿ. ಏಳು ಮಕ್ಕಳಲ್ಲಿ ಜಿಮ್ಮಿಯೇ ಹಿರಿಯ. ಜನರನ್ನು ನಗಿಸಿದರೆ ಊಟ ಎಂಬ ಮನೆಯಲ್ಲಿ ಬೆಳೆದ ಹುಡುಗನಿಗೆ ಸಭಿಕರ ಎದುರು ನಿಲ್ಲುವುದು ಹೇಗೆಂದು ಯಾರೂ ಕಲಿಸಬೇಕಾಗಿರಲಿಲ್ಲ.

1950ರಲ್ಲಿ ತಾಯಿ ತೀರಿಕೊಂಡರು. ನಮ್ಮ ಮರುವಾಯಿಯ ಹಾಗಿನ ಸಮುದ್ರದ ಚಿಪ್ಪೊಂದು ತಾಗಿ ಬೆರಳು ಕೊಯ್ದಿತ್ತು. ಅದೇ ಗಾಯ ಧನುರ್ವಾಯುವಿಗೆ ತಿರುಗಿತು. ಆಗ ಜಿಮ್ಮಿಗೆ ಹದಿಮೂರು ವರ್ಷ. ಸಣ್ಣ ಗಾಯವೊಂದು ಒಂದು ಮನೆಯನ್ನು ಏನು ಮಾಡಬಹುದು ಎಂಬುದನ್ನು ಈ ಹುಡುಗ ಅಷ್ಟು ಬೇಗ ನೋಡಬೇಕಾಯಿತು.

1955ರಲ್ಲಿ ಹದಿನೆಂಟರ ಜಿಮ್ಮಿ ಗಿಟಾರ್ ಹಿಡಿದು ಸಿಡ್ನಿಗೆ ಬಂದರು. ಮರುವರ್ಷವೇ ಮೊದಲ ರೆಕಾರ್ಡ್ ಹೊರಬಂತು. ಅಮೆರಿಕದ ನ್ಯಾಟ್ ಕಿಂಗ್ ಕೋಲ್, ಜಿಮ್ ರೀವ್ಸ್ ಅವರಂಥವರ ಶೈಲಿ ಅವರಿಗೆ ಇಷ್ಟ. ಕಿರುಚಾಟವಿಲ್ಲದೆ, ಮೈಕಿನ ಹತ್ತಿರ ನಿಂತು, ಒಬ್ಬರಿಗೇ ಹೇಳುವ ಹಾಗೆ ಹಾಡುವುದು. 1958ರಲ್ಲಿ ಮಾರ್ಜರಿ ಎಂಬವರನ್ನು ಮದುವೆಯಾದರು. ಹೆಚ್ಚುಕಡಿಮೆ 53 ವರ್ಷ ಇಬ್ಬರೂ ಒಟ್ಟಿಗೆ ಬಾಳಿದರು. ಒಬ್ಬಳೇ ಮಗಳು. ಸಿನಿಮಾ ಸಂಗೀತದ ಲೋಕದಲ್ಲಿ ಇದು ಸಣ್ಣ ಸಂಗತಿಯಲ್ಲ.

1959ರಲ್ಲಿ ಅಮೆರಿಕದ ಕ್ರೈಸ್ತ ಪ್ರಚಾರಕ ಬಿಲ್ಲಿ ಗ್ರಹಾಂ ಆಸ್ಟ್ರೇಲಿಯಾಕ್ಕೆ ಬಂದರು. ಮೆಲ್ಬೋರ್ನ್ ಕ್ರಿಕೆಟ್ ಮೈದಾನದ ಸಭೆಗೆ 1,30,000ಕ್ಕೂ ಹೆಚ್ಚು ಜನ ಸೇರಿದ್ದರು. ಕ್ರಿಕೆಟ್ಟಿಗೂ ಆ ಮೈದಾನ ಅಷ್ಟು ತುಂಬಿದ್ದಿಲ್ಲ! ಅದರ ಬೆನ್ನಿಗೇ ಗ್ರಹಾಂ ಅವರ ಚಿತ್ರಸಂಸ್ಥೆ 1960ರಲ್ಲಿ ‘ಶ್ಯಾಡೋ ಆಫ್ ದಿ ಬೂಮರಾಂಗ್’ ಎಂಬ ಚಿತ್ರ ಮಾಡಿತು. ಬಿಳಿಯರಿಗೂ ಮೂಲನಿವಾಸಿಗಳಿಗೂ ನಡುವಿನ ತಾತ್ಸಾರವೇ ಅದರ ವಿಷಯ. ಅದರಲ್ಲಿ ಜಿಮ್ಮಿ ನಟಿಸಿದರು.

ಆಮೇಲೆ ಬಂದದ್ದು ಆ ಫೋನಿನ ಹಾಡು, ‘ರಾಯಲ್ ಟೆಲಿಫೋನ್’. ಇದು ಅವರು ಬರೆದದ್ದಲ್ಲ. ಫ್ರೆಡರಿಕ್ ಲೇಮನ್ ಎಂಬ ಅಮೆರಿಕದ ಭಕ್ತಿಗೀತೆಗಳ ಕವಿ 1909ರ ಸುಮಾರಿಗೆ ಬರೆದ ಹಾಡು. ಟೆಲಿಫೋನ್ ಆಗ ಜನಸಾಮಾನ್ಯರಿಗೆ ಹೊಸ ಬೆರಗು. 1963ರಲ್ಲಿ ಜಿಮ್ಮಿ ಅದನ್ನು ತಮ್ಮ ಮೆದು ದನಿಯಲ್ಲಿ ಹಾಡಿದರು. ಸಿಡ್ನಿಯಲ್ಲಿ ನಂಬರ್ 1, ಮೆಲ್ಬೋರ್ನ್‌ನಲ್ಲಿ ನಂಬರ್ 3. 75,000ಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ದೇಶದ ಜನಸಂಖ್ಯೆಯೇ ಆಗ ಒಂದು ಕೋಟಿ ಹತ್ತು ಲಕ್ಷದ ಆಸುಪಾಸು. ಅದೂ ಬೀಟಲ್ಸ್ ಅಲೆ ಏಳುತ್ತಿದ್ದ ಕಾಲದಲ್ಲಿ, ಒಂದು ಭಕ್ತಿಗೀತೆ! 1964ರಲ್ಲಿ ಒಂದು ಪತ್ರಿಕೆ ಅವರನ್ನು ವರ್ಷದ ಪಾಪ್ ತಾರೆ ಎಂದು ಆರಿಸಿತು.

ಇಲ್ಲಿ ಲೆಕ್ಕ ಬರೆಯುವವನ ಬುದ್ಧಿ ನನಗೆ ಸುಮ್ಮನಿರಲು ಬಿಡುವುದಿಲ್ಲ. ಆ ದೇಶದ ಸಂವಿಧಾನದ ಪ್ರಕಾರ ಆಗ ಮೂಲನಿವಾಸಿಗಳನ್ನು ಜನಸಂಖ್ಯೆಯ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. 1967ರ ಮೇ 27ರಂದು ಜನಮತ ನಡೆದು, ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಹೌದು ಎಂದ ಮೇಲೆಯೇ ಆ ಕಲಮು ತೆಗೆದದ್ದು. ಅಂದರೆ 1963ರಲ್ಲಿ ಜಿಮ್ಮಿಯ ರೆಕಾರ್ಡು ಎಷ್ಟು ಮಾರಾಟವಾಯಿತೆಂದು ಎಣಿಸಿದರು, ಹಾಡಿದ ಮನುಷ್ಯನನ್ನು ಮಾತ್ರ ಎಣಿಕೆಯಿಂದ ಹೊರಗೆ ಇಟ್ಟಿದ್ದರು. ಯಾವ ಆಡಿಟರ್ ಇದನ್ನು ಪಾಸ್ ಮಾಡುತ್ತಾನೆ ಹೇಳಿ.

ಇಷ್ಟಾದರೂ ಜಿಮ್ಮಿ ವೇದಿಕೆಯಲ್ಲಿ ಸಿಟ್ಟು ತೋರಿಸಲಿಲ್ಲ. ಕೋಟು, ಟೈ, ನಗುಮುಖ. ಜನ ಅವರನ್ನು ಜಂಟಲ್‌ಮನ್ ಜಿಮ್ ಎಂದೇ ಕರೆದರು. ಹೋರಾಟ ಬಿಸಿಯಾಗಿದ್ದ 60-70ರ ದಶಕಗಳಲ್ಲಿ ಅವರದೇ ಜನರಲ್ಲಿ ಕೆಲವರಿಗೆ ಇದು ಸರಿ ಕಾಣಲಿಲ್ಲ. ಇಷ್ಟು ಹೆಸರಿದ್ದೂ ನಮ್ಮ ಪರವಾಗಿ ಗಟ್ಟಿಯಾಗಿ ಮಾತಾಡುವುದಿಲ್ಲವಲ್ಲ ಎಂಬ ಆಕ್ಷೇಪ ಬಂತು. ಈ ಆಕ್ಷೇಪವನ್ನು ತಳ್ಳಿಹಾಕುವ ಹಾಗಿಲ್ಲ. ಕೂಗದಿದ್ದರೆ ಕೇಳಿಸದ ಕಾಲವೂ ಇರುತ್ತದೆ. ಕಮರಗಂಜದಿಂದ ಎದ್ದು ಹೊರಟವರು ಅವರ ಹೆತ್ತವರೇ ತಾನೇ?

ಅದಕ್ಕೆ ಅವರ ಉತ್ತರ ಕೆಲಸದಲ್ಲಿದೆ. 70ರ ದಶಕದ ನಂತರ ಚಾರ್ಟಿನಲ್ಲಿ ಹೆಸರು ಕಾಣಿಸುವುದು ಕಡಿಮೆಯಾಯಿತು. 1985ರಲ್ಲಿ ಅವರು ಸಿಡ್ನಿಯ ರೆಡ್‌ಫರ್ನ್‌ನ ಈಯೋರಾ ಸೆಂಟರಿನಲ್ಲಿ ಮೇಷ್ಟ್ರಾದರು, ಮೂಲನಿವಾಸಿ ಹುಡುಗ ಹುಡುಗಿಯರಿಗೆ ಸಂಗೀತ ಹೇಳಿಕೊಟ್ಟರು. ಚಾಟ್ಸ್‌ವುಡ್‌ನಲ್ಲಿ ರೈಲು ಹತ್ತಿದರೆ ಹಾರ್ಬರ್ ಸೇತುವೆ ದಾಟಿ, ಸೆಂಟ್ರಲ್ ಕಳೆದು ಸಿಗುವ ಸ್ಟೇಷನ್ನೇ ರೆಡ್‌ಫರ್ನ್. ಮೂಲನಿವಾಸಿಗಳ ಹೋರಾಟಕ್ಕೆ ಹೆಸರಾದ ಜಾಗ. ನಂಬರ್ 1 ಆಗಿದ್ದ ಗಾಯಕ ಅಲ್ಲಿ ಕ್ಲಾಸ್ ತೆಗೆದುಕೊಳ್ಳಲು ಸಣ್ಣತನ ಅನ್ನಿಸಿಕೊಳ್ಳಲಿಲ್ಲ. ನಾನು ಒಂದು ದಿನ ಆ ದಾರಿಯಲ್ಲಿ ಸುಮ್ಮನೆ ನಡೆದು ಬಂದೆ.

1999ರಲ್ಲಿ, 62ರ ವಯಸ್ಸಿನಲ್ಲಿ, ಅವರ ಎರಡನೇ ಇನ್ನಿಂಗ್ಸ್ ಶುರುವಾಯಿತು. ‘ಮೆಸೆಂಜರ್’ ಎಂಬ ಆಲ್ಬಂನಲ್ಲಿ ಆಸ್ಟ್ರೇಲಿಯಾದ ಹೊಸ ತಲೆಮಾರಿನ ರಾಕ್ ಹಾಡುಗಳನ್ನು ತಮ್ಮ ಹಳೆಯ ಮೆದು ದನಿಯಲ್ಲಿ ಹಾಡಿದರು. ಮೊಮ್ಮಕ್ಕಳ ವಯಸ್ಸಿನವರು ಅವರನ್ನು ಹೊಸದಾಗಿ ಕೇಳಿದರು. ಅದೇ ವರ್ಷ ಆಲ್ಬಂಗೆ ಆ ದೇಶದ ದೊಡ್ಡ ಸಂಗೀತ ಪ್ರಶಸ್ತಿಯಾದ ಏರಿಯಾ ಬಂತು, ಏರಿಯಾದ ಹಾಲ್ ಆಫ್ ಫೇಮ್‌ಗೂ ಅವರ ಹೆಸರು ಸೇರಿತು.

ಆದರೆ ಇನ್ನೊಂದು ಲೆಕ್ಕ ಒಳಗೊಳಗೇ ಬೆಳೆಯುತ್ತಿತ್ತು. 1990ರಲ್ಲಿ ಅವರಿಗೆ ಕಿಡ್ನಿ ಕಾಯಿಲೆ ಇರುವುದು ಗೊತ್ತಾಗಿತ್ತು. ಗೊತ್ತಾಗುವಾಗಲೇ ತಡವಾಗಿತ್ತು. ಕೊನೆಗೆ ಡಯಾಲಿಸಿಸ್, 2004ರಲ್ಲಿ ಕಿಡ್ನಿ ಕಸಿ. ಮೇಲಿಂದ ಸಕ್ಕರೆ ಕಾಯಿಲೆ. ಜೀವ ಉಳಿಯಿತು. ಉಳಿದ ಜೀವವನ್ನು ಅವರು ಸುಮ್ಮನೆ ಕಳೆಯಲಿಲ್ಲ. 2006ರಲ್ಲಿ ಜಿಮ್ಮಿ ಲಿಟಲ್ ಫೌಂಡೇಶನ್ ಕಟ್ಟಿ, ದೂರದ ಹಳ್ಳಿಗಳ ತಮ್ಮ ಜನರಲ್ಲಿ ಕಿಡ್ನಿ ಮತ್ತು ಸಕ್ಕರೆ ಕಾಯಿಲೆ ತಡೆಯುವ ಕೆಲಸಕ್ಕಿಳಿದರು. ಮಕ್ಕಳಿಗೆ ಒಳ್ಳೆಯ ಊಟದ ಪಾಠವನ್ನು ಹಾಡಿನ ಮೂಲಕವೇ ಕಲಿಸುವ ಕಾರ್ಯಕ್ರಮ ನಡೆಯಿತು. ತಂದೆ ನಗಿಸಿ ಊಟ ಸಂಪಾದಿಸಿದರು, ಮಗ ಹಾಡಿ ಊಟ ಹೇಗಿರಬೇಕೆಂದು ಕಲಿಸಿದರು.

2010ರಲ್ಲಿ ವೇದಿಕೆ ಬಿಟ್ಟರು. 2011ರಲ್ಲಿ ಮಾರ್ಜರಿ ಹೋದರು. ಒಂದು ವರ್ಷ ತುಂಬುವ ಮೊದಲೇ, 2012ರ ಏಪ್ರಿಲ್ 2ರಂದು, ಡಬ್ಬೋ ಊರಿನ ತಮ್ಮ ಮನೆಯಲ್ಲಿ ಜಿಮ್ಮಿ ಕಣ್ಣುಮುಚ್ಚಿದರು. ವಯಸ್ಸು 75. ಹುಟ್ಟುವಾಗ ಲೆಕ್ಕಕ್ಕೇ ಇಲ್ಲದ ಮಗುವಿಗೆ ಸಿಡ್ನಿಯ ಒಪೇರಾ ಹೌಸ್‌ನಲ್ಲಿ ಸರಕಾರಿ ಗೌರವದ ಸ್ಮರಣಾ ಸಭೆ ನಡೆಯಿತು.

ಈ ಕೊನೆಯ ಭಾಗಕ್ಕಾಗಿಯೇ ನಾನು ಇದನ್ನು ಬರೆಯಲು ಕೂತದ್ದು. ನಮ್ಮ ಹುಡುಗರು ಬಿಸಿಲಲ್ಲಿ ದುಡಿಯುತ್ತಾರೆ, ನೀರು ಕುಡಿಯಲು ಮರೆಯುತ್ತಾರೆ, ರೂಮಿಗೆ ಬಂದು ಮೆಸ್ಸಿನ ಊಟ, ಸಕ್ಕರೆ ತುಂಬಿದ ಚಾ, ಕೋಲಾ. ಮನೆಯಿಂದ ಫೋನ್ ಬಂದರೆ ಎಲ್ಲ ಚೆನ್ನಾಗಿದೆ ಎಂದು ನಗುನಗುತ್ತಾ ಹೇಳುತ್ತಾರೆ. ಮನೆಯವರಿಗೆ ಬೇಜಾರಾಗಬಾರದು ಎಂಬ ಜಂಟಲ್‌ಮನ್ ಗುಣ ನಮ್ಮಲ್ಲೂ ಇದೆ. ಕಿಡ್ನಿ ಮಾತ್ರ ಮೊದಮೊದಲು ನೋವು ಕೊಡುವುದಿಲ್ಲ, ಸದ್ದಿಲ್ಲದೆ ಕೆಡುತ್ತದೆ. ವರ್ಷಕ್ಕೊಮ್ಮೆ ಬಿಪಿ, ಶುಗರ್, ಕ್ರಿಯೇಟಿನಿನ್, ಮೂತ್ರ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ.

ಜಿಮ್ಮಿ ಲಿಟಲ್ ಅವರ ಮೆದು ದನಿ ಎಷ್ಟೋ ಮುಚ್ಚಿದ ಬಾಗಿಲು ತೆರೆಯಿತು. ಆದರೆ ತಮ್ಮ ಕಾಯಿಲೆಯ ವಿಷಯವನ್ನು ಕೊನೆಯ ವರ್ಷಗಳಲ್ಲಿ ಅವರು ಊರೂರಿಗೆ ಹೋಗಿ ಗಟ್ಟಿಯಾಗಿಯೇ ಹೇಳಿದರು. ಮುಂದಿನ ರಜೆಯಲ್ಲಿ ಊರಿಗೆ ಹೋಗುವವರು ಚಿನ್ನ, ಸೆಂಟು, ಟಾಂಗ್ ಡಬ್ಬದ ಪಟ್ಟಿಯ ಜೊತೆಗೆ ಒಂದು ರಕ್ತಪರೀಕ್ಷೆಯನ್ನೂ ಬರೆದುಕೊಳ್ಳಿ. ಇವತ್ತು ಮನೆಗೆ ಫೋನ್ ಮಾಡುವಾಗ, ಮೈ ಸರಿಯಿಲ್ಲದಿದ್ದರೆ ಸರಿಯಿಲ್ಲ ಎಂದೇ ಹೇಳಿ. ಲೈನ್ ಈಗ ಕಟ್ ಆಗುವುದಿಲ್ಲ.