ಮೆಕಿನ್ಲಿ ಹೊಟ್ಟೆಯಲ್ಲಿ ಉಳಿದ ಗುಂಡು

ಹಾಸನದಲ್ಲಿ ವೈದ್ಯಕೀಯ ಓದುತ್ತಿದ್ದೇನೆ. ಹೋರಿ ತಿವಿದೋ, ಜಗಳದಲ್ಲಿ ಚಾಕು ಬಿದ್ದೋ ಪಕ್ಕೆಗೆ ಗಾಯವಾದವರನ್ನು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಇಲ್ಲಿಗೆ ಕರೆತರುತ್ತಾರೆ. ಕಿಡ್ನಿಗೆ ಪೆಟ್ಟಾಗಿದೆ, ಸದ್ಯಕ್ಕೆ ಆಪರೇಷನ್ ಬೇಡ ಎಂದರೆ ಜೊತೆಗೆ ಬಂದವರು ನಂಬುವುದೇ ಇಲ್ಲ. ಆಗೆಲ್ಲ ನನಗೆ ಅಮೆರಿಕದ 25ನೇ ಅಧ್ಯಕ್ಷ ವಿಲಿಯಂ ಮೆಕಿನ್ಲಿ ನೆನಪಾಗುತ್ತಾರೆ.

ಮೆಕಿನ್ಲಿ ಹುಟ್ಟಿದ್ದು 1843ರಲ್ಲಿ, ಓಹಿಯೊದ ನೈಲ್ಸ್ ಎಂಬಲ್ಲಿ. 18ನೇ ವಯಸ್ಸಿಗೆ ಸೈನಿಕನಾಗಿ ಅಂತರ್ಯುದ್ಧಕ್ಕೆ ಹೋದರು. ಆಮೇಲೆ ವಕೀಲರು, ಸಂಸದರು, ಓಹಿಯೊದ ಗವರ್ನರ್, 1897ರಲ್ಲಿ ಅಧ್ಯಕ್ಷರು. ಸ್ಪೇನ್ ಜೊತೆಗಿನ ಯುದ್ಧ, ಫಿಲಿಪ್ಪೀನ್ಸ್ ವಶ ಎಲ್ಲ ಅವರ ಕಾಲದ್ದೇ; ಆ ರಾಜಕೀಯ ನನಗೆ ಹಿಡಿಸುವುದಿಲ್ಲ. ಹಿಡಿಸುವುದು ಮನೆಯೊಳಗಿನ ಮೆಕಿನ್ಲಿ. ಇಬ್ಬರು ಹೆಣ್ಣುಮಕ್ಕಳೂ ಎಳವೆಯಲ್ಲೇ ತೀರಿಕೊಂಡಿದ್ದರು. ಹೆಂಡತಿ ಐಡಾಗೆ ಮೂರ್ಛೆರೋಗ. ಔತಣಕೂಟಗಳಲ್ಲೂ ಆಕೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು ನೋಡಿಕೊಳ್ಳುತ್ತಿದ್ದರು.

1901ರ ಸೆಪ್ಟೆಂಬರ್ 6. ಬಫಲೊ ನಗರದ ವಸ್ತುಪ್ರದರ್ಶನದಲ್ಲಿ ಜನರ ಕೈಕುಲುಕುತ್ತಿದ್ದಾಗ ಲಿಯೋನ್ ಚೋಲ್ಗೋಶ್ ಎಂಬಾತ ಕರವಸ್ತ್ರದಲ್ಲಿ ಮುಚ್ಚಿದ್ದ ರಿವಾಲ್ವರಿನಿಂದ ಎರಡು ಗುಂಡು ಹಾರಿಸಿದ. ಒಂದು ಹೊಟ್ಟೆಯೊಳಗೆ ಹೊಕ್ಕಿತು. ಆ ನೋವಿನಲ್ಲೂ ಹೆಂಡತಿಗೆ ಸುದ್ದಿಯನ್ನು ಹುಷಾರಾಗಿ ತಿಳಿಸುವಂತೆ ಕೇಳಿಕೊಂಡರಂತೆ.

ಪ್ರದರ್ಶನದ ಪುಟ್ಟ ಆಸ್ಪತ್ರೆಯಲ್ಲೇ ಆಪರೇಷನ್ ನಡೆಯಿತು. ಅಲ್ಲಿನ ಮುಖ್ಯ ಸರ್ಜನ್ ನಯಾಗರದಲ್ಲಿ ಇನ್ನೊಬ್ಬ ರೋಗಿಯ ಆಪರೇಷನ್‌ನಲ್ಲಿದ್ದರು. ಸಿಕ್ಕವರು ಸ್ತ್ರೀರೋಗ ತಜ್ಞ ಮ್ಯಾಥ್ಯೂ ಮ್ಯಾನ್. ಹೊರಗೆ ಇಡೀ ಪ್ರದರ್ಶನಕ್ಕೆ ವಿದ್ಯುದ್ದೀಪದ ಅಲಂಕಾರ, ಒಳಗೆ ಬೆಳಕಿಲ್ಲ! ಕನ್ನಡಿ ಹಿಡಿದು ಸಂಜೆ ಬಿಸಿಲನ್ನು ಗಾಯದ ಮೇಲೆ ಬೀಳಿಸಿದರು. ಜಠರದ ಎರಡೂ ತೂತು ಹೊಲಿದರು. ಗುಂಡು ಸಿಗದೆ ಹೊಟ್ಟೆ ಮುಚ್ಚಿದರು. 20 ವರ್ಷ ಹಿಂದೆ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ತಗಲಿದಾಗ ವೈದ್ಯರು ತೊಳೆಯದ ಬೆರಳಿನಿಂದ ಗಾಯ ಕೆದಕಿ, ಕೀವಾಗಿ, 79 ದಿನ ನರಳಿ ಅವರು ಸತ್ತಿದ್ದರು. ಬಫಲೊದ ಆತುರಕ್ಕೆ ಆ ನೆನಪೂ ಕಾರಣವಿರಬಹುದು ಎಂದು ನನ್ನ ಊಹೆ. ಜಠರ ತೂತಾದರೆ ಇಂದಿಗೂ ಹೊಟ್ಟೆ ತೆರೆಯಲೇಬೇಕು, ಅದು ಬೇರೆ ಮಾತು.

ಕೆಲವು ದಿನ ಚೇತರಿಸಿಕೊಂಡಂತೆ ಕಂಡ ಮೆಕಿನ್ಲಿ ಸೆಪ್ಟೆಂಬರ್ 14ರ ನಸುಕಿನಲ್ಲಿ ತೀರಿಕೊಂಡರು. ಗುಂಡು ಎಡ ಕಿಡ್ನಿಯ ಮೇಲ್ತುದಿಯನ್ನು ಸವರಿತ್ತು, ಮೇದೋಜೀರಕ ಗ್ರಂಥಿ ಹಾಳಾಗಿತ್ತು, ಗುಂಡಿನ ದಾರಿಯುದ್ದಕ್ಕೂ ಮಾಂಸ ಕೊಳೆತಿತ್ತು ಎಂದು ತಿಳಿದದ್ದು ಶವಪರೀಕ್ಷೆಯಲ್ಲಿ.

ಕಿಡ್ನಿ ಇರುವುದು ಹೊಟ್ಟೆಯ ಹಿಂಭಾಗದಲ್ಲಿ, ಕೊಬ್ಬು ಮತ್ತು ಗಟ್ಟಿ ಪೊರೆಯ ಒಳಗೆ. ಸೋರಿದ ರಕ್ತ ಅಲ್ಲೇ ಒತ್ತಿಕೊಂಡು ಹೆಪ್ಪುಗಟ್ಟಿ ಎಷ್ಟೋ ಸಲ ತಾನೇ ನಿಲ್ಲುತ್ತದೆ. ಅವಸರದಲ್ಲಿ ಪೊರೆ ಬಿಚ್ಚಿದರೆ ಮತ್ತೆ ರಕ್ತ ಚಿಮ್ಮಿ ಕಿಡ್ನಿಯನ್ನೇ ತೆಗೆಯಬೇಕಾದೀತು. ಹಾಗಾಗಿ ಬಿ.ಪಿ. ಸ್ಥಿರವಾಗಿದ್ದರೆ ಮೊದಲು ಸಿ.ಟಿ. ಸ್ಕ್ಯಾನ್. ಕರುಳಿಗೆ ಪೆಟ್ಟಿಲ್ಲದಿದ್ದರೆ ಮಲಗಿಸಿ, ಮೂತ್ರದ ಬಣ್ಣ, ಹಿಮೋಗ್ಲೋಬಿನ್ ನೋಡುತ್ತಾ ಕಾಯುತ್ತಾರೆ. ಸೋರಿಕೆ ನಿಲ್ಲದಿದ್ದರೆ ತೊಡೆಯ ರಕ್ತನಾಳದ ಮೂಲಕ ಸಣ್ಣ ನಳಿಕೆ ತೂರಿಸಿ, ಹರಿದ ಕವಲನ್ನಷ್ಟೇ ಮುಚ್ಚುವುದೂ ಉಂಟು. ರಕ್ತ ಕೊಟ್ಟರೂ ಬಿ.ಪಿ. ಕುಸಿಯುತ್ತಿದ್ದರೆ ಮಾತ್ರ ಕಾಯುವಂತಿಲ್ಲ, ನೇರ ಥಿಯೇಟರಿಗೆ.

ಆ ಪ್ರದರ್ಶನದಲ್ಲಿ ಎಕ್ಸ್‌ರೇ ಯಂತ್ರವೊಂದಿತ್ತು, ಮೆಕಿನ್ಲಿಗೆ ಬಳಸಲಿಲ್ಲ. ಬಳಸಿದ್ದರೆ ಬದುಕುತ್ತಿದ್ದರು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗುಂಡು ಎಲ್ಲಿದೆ ಎಂದು ಅದು ತೋರಿಸುತ್ತಿತ್ತು. ಹರಿದ ಕಿಡ್ನಿ, ಜಜ್ಜಿದ ಗ್ರಂಥಿ ಅದಕ್ಕೆ ಕಾಣುತ್ತಿರಲಿಲ್ಲ.