ಚಿನ್ನದ ಪದಕದಾಚೆಯ ಬದುಕು: ಎರಿಕ್ ಲಿಡೆಲ್

ಭಾನುವಾರ ಓಡುವುದಿಲ್ಲವೆಂದು ಒಲಿಂಪಿಕ್ ಪದಕದ ಆಸೆಯನ್ನೇ ತೊರೆದ ಸ್ಕಾಟ್ಲೆಂಡಿನ ಓಟಗಾರ ಎಂದೇ ಎರಿಕ್ ಲಿಡೆಲ್ ಅವರನ್ನು ಜಗತ್ತು ಬಲ್ಲದು. 1981ರಲ್ಲಿ ತೆರೆಕಂಡು ಆಸ್ಕರ್ ಗೆದ್ದ 'ಚಾರಿಯಟ್ಸ್ ಆಫ್ ಫೈರ್' ಚಲನಚಿತ್ರ ಈ ಚಿತ್ರಣವನ್ನು ಮನೆಮಾತಾಗಿಸಿತು. ಆದರೆ ಚಿತ್ರ ಮುಗಿಯುವಲ್ಲಿಂದಲೇ ಲಿಡೆಲ್ ಅವರ ಬದುಕಿನ ಕಠಿಣ ಭಾಗ ಆರಂಭವಾಗುತ್ತದೆ. ಅದು ನಡೆದದ್ದು ಕ್ರೀಡಾಂಗಣದಲ್ಲಲ್ಲ. ಹಲವು ಸೇನೆಗಳ ನಡುವೆ ಹರಿದು ಹಂಚಿಹೋಗಿದ್ದ ಚೀನಾದಲ್ಲಿ.

ಲಿಡೆಲ್ ಹುಟ್ಟಿದ್ದೂ ಚೀನಾದಲ್ಲಿಯೇ, 1902ರ ಜನವರಿ 16ರಂದು, ತಿಯಾನ್‌ಜಿನ್ ನಗರದಲ್ಲಿ. ತಂದೆ ಜೇಮ್ಸ್ ಲಿಡೆಲ್ ಲಂಡನ್ ಮಿಷನರಿ ಸೊಸೈಟಿಯ ಪಾದ್ರಿ. ಇದೇ ಸಂಸ್ಥೆ ನಮ್ಮ ಬಳ್ಳಾರಿಗೂ ಬಂದು, ಜಾನ್ ಹ್ಯಾಂಡ್ಸ್ ಅವರ ಮೂಲಕ ಬೈಬಲನ್ನು ಕನ್ನಡಕ್ಕೆ ತಂದದ್ದನ್ನು ಇಲ್ಲಿ ನೆನೆಯಬಹುದು. ಎರಿಕ್ ಹುಟ್ಟುವುದಕ್ಕೆ ಎರಡು ವರ್ಷ ಮೊದಲು, 1900ರಲ್ಲಿ, ಬಾಕ್ಸರ್ ದಂಗೆಯಲ್ಲಿ ಉತ್ತರ ಚೀನಾದ ಅನೇಕ ಮಿಷನರಿಗಳೂ ಸಾವಿರಾರು ಚೀನೀ ಕ್ರೈಸ್ತರೂ ಹತರಾಗಿದ್ದರು. ಅಂಥ ನೆಲದಲ್ಲಿ ಸಂಸಾರ ಹೂಡಿದವರು ಲಿಡೆಲ್ ದಂಪತಿ.

ಆ ಕಾಲದ ಮಿಷನರಿ ಕುಟುಂಬಗಳಲ್ಲಿ ಒಂದು ಕ್ರೂರ ವಾಡಿಕೆಯಿತ್ತು. ಮಕ್ಕಳು ಶಾಲೆಯ ವಯಸ್ಸಿಗೆ ಬಂದೊಡನೆ ಅವರನ್ನು ಸ್ವದೇಶದ ವಸತಿಶಾಲೆಗೆ ಸೇರಿಸಿ ತಂದೆತಾಯಿಗಳು ಕಾರ್ಯಕ್ಷೇತ್ರಕ್ಕೆ ಮರಳುತ್ತಿದ್ದರು. 1908ರಲ್ಲಿ ಆರು ವರ್ಷದ ಎರಿಕ್ ಮತ್ತು ಎಂಟು ವರ್ಷದ ಅಣ್ಣ ರಾಬ್ ಲಂಡನ್ ಬಳಿಯ, ಮಿಷನರಿಗಳ ಗಂಡುಮಕ್ಕಳಿಗಾಗಿಯೇ ನಡೆಯುತ್ತಿದ್ದ ಶಾಲೆಗೆ ಸೇರಿದರು. ಮುಂದಿನ ಹನ್ನೆರಡು ವರ್ಷ ಅದೇ ಅವರ ಮನೆ. ತಂದೆತಾಯಿಗಳ ಮುಖ ಕಾಣುತ್ತಿದ್ದುದು ಹಲವು ವರ್ಷಗಳಿಗೊಮ್ಮೆ ಬರುವ ರಜೆಯಲ್ಲಿ ಮಾತ್ರ. ಈ ಅಗಲಿಕೆಯನ್ನು ಗಮನಿಸದೆ ಎರಿಕ್ ಅವರ ಮುಂದಿನ ಬದುಕನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

ಕ್ರೀಡಾ ಸಾಧನೆಯನ್ನು ಸಂಕ್ಷೇಪವಾಗಿ ಹೇಳಬಹುದು. ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಓದುತ್ತಲೇ ಅವರು ರಗ್ಬಿಯಲ್ಲಿ ಸ್ಕಾಟ್ಲೆಂಡನ್ನು ಏಳು ಬಾರಿ ಪ್ರತಿನಿಧಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಪ್ರಾಥಮಿಕ ಸುತ್ತು ಭಾನುವಾರ ಬಿದ್ದುದರಿಂದ ಅದರಿಂದ ಹಿಂದೆ ಸರಿದರು. ಹಡಗು ಏರುವಾಗ ಈ ಸಂಗತಿ ತಿಳಿಯಿತೆಂದು ತೋರಿಸಿರುವುದು ಸಿನಿಮಾದ ಕಲ್ಪನೆ. ವಾಸ್ತವವಾಗಿ ತಿಂಗಳುಗಳ ಮುಂಚೆಯೇ ಅದು ಅವರಿಗೆ ಗೊತ್ತಿತ್ತು. 200 ಮೀಟರ್‌ನಲ್ಲಿ ಕಂಚು ಗೆದ್ದು, 400 ಮೀಟರನ್ನು 47.6 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದರು. ಮರುವರ್ಷವೇ, ಕೀರ್ತಿಯ ಶಿಖರದಲ್ಲಿದ್ದಾಗ, ಚೀನಾಕ್ಕೆ ಹೊರಟುಬಿಟ್ಟರು.

1925ರ ಚೀನಾ ಕುದಿಯುತ್ತಿತ್ತು. ಮೇ 30ರಂದು ಶಾಂಘೈನಲ್ಲಿ ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಪೊಲೀಸರು ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿದ್ದರಿಂದ ವಿದೇಶಿಯರ ವಿರುದ್ಧ ದೇಶವ್ಯಾಪಿ ಆಕ್ರೋಶ ಭುಗಿಲೆದ್ದಿತ್ತು. ಪ್ರಾಂತ್ಯಗಳನ್ನು ಸೇನಾಧಿಪತಿಗಳು ಹಂಚಿಕೊಂಡಿದ್ದರು. ಲಿಡೆಲ್ ತಿಯಾನ್‌ಜಿನ್‌ನ ಆಂಗ್ಲೋ-ಚೈನೀಸ್ ಕಾಲೇಜಿನಲ್ಲಿ ವಿಜ್ಞಾನದ ಅಧ್ಯಾಪಕರಾದರು. ಸಭೆಯ ಭಾನುವಾರದ ಶಾಲೆಯನ್ನೂ ನೋಡಿಕೊಂಡರು. 1932ರಲ್ಲಿ ರಜೆಯ ಮೇಲೆ ಸ್ಕಾಟ್ಲೆಂಡಿಗೆ ಹೋಗಿದ್ದಾಗ ಸಭಾಪಾಲಕರಾಗಿ ದೀಕ್ಷೆ ಪಡೆದರು. 1934ರಲ್ಲಿ, ಕೆನಡಾದ ಮಿಷನರಿ ದಂಪತಿಯ ಮಗಳು, ದಾದಿಯ ತರಬೇತಿ ಪಡೆದಿದ್ದ ಫ್ಲಾರೆನ್ಸ್ ಮೆಕೆಂಜಿ ಅವರನ್ನು ತಿಯಾನ್‌ಜಿನ್‌ನಲ್ಲಿಯೇ ವಿವಾಹವಾದರು. 1935ರಲ್ಲಿ ಪೆಟ್ರೀಷಿಯಾ, 1937ರ ಆರಂಭದಲ್ಲಿ ಹೆದರ್ ಜನಿಸಿದರು. ಇಡೀ ಕುಟುಂಬ ಒಂದೇ ಸೂರಿನಡಿ ನೆಮ್ಮದಿಯಿಂದ ಬಾಳಿದ್ದು ಹೆಚ್ಚೆಂದರೆ ನಾಲ್ಕು ವರ್ಷ.

1937ರ ಜುಲೈನಲ್ಲಿ ಜಪಾನ್ ದಂಡೆತ್ತಿ ಬಂತು. ಹೆಬೈ ಪ್ರಾಂತ್ಯದ ಬಯಲಿನಲ್ಲಿದ್ದ ಶಿಯಾವ್‌ಚಾಂಗ್ ಎಂಬ ಹಳ್ಳಿಯ ಮಿಷನ್ ಕೇಂದ್ರಕ್ಕೆ ಹೋಗುವಂತೆ ಸಂಸ್ಥೆ ಲಿಡೆಲ್ ಅವರನ್ನು ಬಹಳ ದಿನಗಳಿಂದ ಕೇಳುತ್ತಿತ್ತು. ತಂದೆ ಸೇವೆ ಸಲ್ಲಿಸಿದ್ದ, ಅಣ್ಣ ರಾಬ್ ವೈದ್ಯರಾಗಿದ್ದ ಊರು ಅದು. ಹಿಂಜರಿದಿದ್ದ ಲಿಡೆಲ್ ಆ ವರ್ಷದ ಕೊನೆಗೆ ಹೊರಟರು. ಆದರೆ ಪ್ರದೇಶ ಅಪಾಯಕಾರಿಯೆಂದು ಹೆಂಡತಿ ಮಕ್ಕಳನ್ನು ಕರೆದೊಯ್ಯಲು ಸಂಸ್ಥೆ ಅನುಮತಿ ನೀಡಲಿಲ್ಲ. ಅವರು ತಿಯಾನ್‌ಜಿನ್‌ನಲ್ಲಿ ಉಳಿದರು. ಆರನೆಯ ವಯಸ್ಸಿನಲ್ಲಿ ತಂದೆಯಿಂದ ದೂರವಾದ ಬಾಲಕ ಈಗ ತಾನೇ ದೂರದ ತಂದೆಯಾಗಿದ್ದ.

ಶಿಯಾವ್‌ಚಾಂಗ್ ಸುತ್ತಲಿನ ಹಳ್ಳಿಗಳಿಗೆ ಒಬ್ಬ ಒಡೆಯನಿರಲಿಲ್ಲ. ಪಟ್ಟಣಗಳೂ ರಸ್ತೆಗಳೂ ಜಪಾನಿ ಸೇನೆಯ ವಶದಲ್ಲಿದ್ದರೆ, ಹಳ್ಳಿಗಾಡಿನಲ್ಲಿ ಕಮ್ಯುನಿಸ್ಟರ ಎಂಟನೇ ಮಾರ್ಗ ಸೇನೆ ಸಂಚರಿಸುತ್ತಿತ್ತು. ರಾಷ್ಟ್ರೀಯವಾದಿಗಳ ಪಡೆಗಳಿದ್ದವು, ಇವೆಲ್ಲದರ ಸಂದಿನಲ್ಲಿ ದರೋಡೆಕೋರರಿದ್ದರು. ಒಬ್ಬರಿಗೆ ಧಾನ್ಯ ಕೊಟ್ಟ ಹಳ್ಳಿಯನ್ನು ಮತ್ತೊಬ್ಬರು ಶಿಕ್ಷಿಸುತ್ತಿದ್ದರು. ಇಂಥಲ್ಲಿ ಲಿಡೆಲ್ ಸೈಕಲ್ ಏರಿ ಹಳ್ಳಿಯಿಂದ ಹಳ್ಳಿಗೆ ತಿರುಗಿ ಚದುರಿಹೋದ ಸಭೆಗಳನ್ನು ಕಂಡು ಬರುತ್ತಿದ್ದರು. ಆಸ್ಪತ್ರೆಯ ಬಾಗಿಲು ಯಾವ ಪಕ್ಷದ ಗಾಯಾಳುವಿಗೂ ಮುಚ್ಚಿರಲಿಲ್ಲ.

1939ರ ಫೆಬ್ರವರಿಯ ಒಂದು ಘಟನೆ ಆ ದಿನಗಳ ಸ್ವರೂಪವನ್ನು ತಿಳಿಸುತ್ತದೆ. ಗಾಯಗೊಂಡ ವ್ಯಕ್ತಿಯೊಬ್ಬ ದೂರದ ಹಳ್ಳಿಯ ಗುಡಿಯೊಂದರಲ್ಲಿ ದಿನಗಟ್ಟಲೆ ಚಳಿಯಲ್ಲಿ ಬಿದ್ದಿದ್ದ. ಜಪಾನಿಯರ ಭಯದಿಂದ ಯಾರೂ ಅವನನ್ನು ಮನೆಗೆ ಸೇರಿಸಿಕೊಂಡಿರಲಿಲ್ಲ. ಲಿಡೆಲ್ ಜತೆಗೆ ಬಂದರೆ ಮಾತ್ರ ಬರುವೆನೆಂದು ಗಾಡಿಯವನೊಬ್ಬ ಒಪ್ಪಿದ. ಅವನನ್ನು ಹೊತ್ತು ಮರಳುವ ದಾರಿಯಲ್ಲಿ ಇನ್ನೊಬ್ಬನ ಸುದ್ದಿ ಬಂತು. ಶಿರಚ್ಛೇದಕ್ಕೆ ನಿಲ್ಲಿಸಿದ್ದ ಆರು ಮಂದಿಯಲ್ಲಿ ಮಂಡಿಯೂರಲು ಒಪ್ಪದೆ ನಿಂತವನು ಆತ. ಕತ್ತಿಯ ಏಟು ಕತ್ತಿನಿಂದ ಬಾಯಿಯವರೆಗೆ ಸೀಳಿತ್ತು, ಪ್ರಾಣ ಉಳಿದಿತ್ತು. ಅವನನ್ನೂ ಅದೇ ಗಾಡಿಗೆ ಏರಿಸಿ ಸುಮಾರು 29 ಕಿಲೋಮೀಟರ್ ಕ್ರಮಿಸಿ ಆಸ್ಪತ್ರೆ ತಲುಪಿಸಿದರು. ಮೊದಲನೆಯವನು ಎರಡು ದಿನಗಳಲ್ಲಿ ತೀರಿಕೊಂಡ. ಎರಡನೆಯವನು ಬದುಕಿದ. ಆತ ಚಿತ್ರಕಲಾವಿದ, ಕೃತಜ್ಞತೆಗಾಗಿ ಲಿಡೆಲ್ ಅವರಿಗೆ ಹೂವಿನ ಚಿತ್ರವೊಂದನ್ನು ಬರೆದುಕೊಟ್ಟ.

1939ರಲ್ಲಿ ಕುಟುಂಬ ರಜೆಯ ಮೇಲೆ ಕೆನಡಾಕ್ಕೂ ಅನಂತರ ಸ್ಕಾಟ್ಲೆಂಡಿಗೂ ಹೋಯಿತು. ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಆರಂಭವಾಗಿತ್ತು. 1940ರಲ್ಲಿ ಮರಳುವಾಗ ಅಟ್ಲಾಂಟಿಕ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಅವರ ಹಡಗುಗಳ ಗುಂಪಿನ ಮೇಲೆ ದಾಳಿ ನಡೆಸಿದವು. ಇಬ್ಬರು ಪುಟ್ಟ ಮಕ್ಕಳೊಂದಿಗೆ ಅಂಥ ಪ್ರಯಾಣ ಬೇಕಿತ್ತೇ ಎಂದು ಇಂದಿನ ಓದುಗರಿಗೆ ಅನ್ನಿಸಿದರೆ ತಪ್ಪಲ್ಲ. ಶಿಯಾವ್‌ಚಾಂಗ್ ಕೇಂದ್ರವೂ ಹೆಚ್ಚು ಕಾಲ ಉಳಿಯಲಿಲ್ಲ. 1941ರ ಆರಂಭದಲ್ಲಿ ಜಪಾನಿಯರು ಅದನ್ನು ತೆರವುಗೊಳಿಸಿದರು. ಆ ವರ್ಷದ ಮೇ ತಿಂಗಳಲ್ಲಿ ಗರ್ಭಿಣಿ ಫ್ಲಾರೆನ್ಸ್ ಇಬ್ಬರು ಮಕ್ಕಳೊಂದಿಗೆ ಕೆನಡಾಕ್ಕೆ ಹೊರಟರು. ಲಿಡೆಲ್ ಹಿಂದುಳಿದರು. ಸೆಪ್ಟೆಂಬರಿನಲ್ಲಿ ಟೊರಾಂಟೊದಲ್ಲಿ ಮೌರೀನ್ ಹುಟ್ಟಿದಳು. ಈ ಮಗಳನ್ನು ಅವರು ನೋಡಲೇ ಇಲ್ಲ.

ಡಿಸೆಂಬರಿನಲ್ಲಿ ಜಪಾನ್ ಬ್ರಿಟನ್ ಮತ್ತು ಅಮೆರಿಕಗಳ ಮೇಲೆ ಯುದ್ಧ ಸಾರಿದಾಗ ಬ್ರಿಟಿಷ್ ಪ್ರಜೆಗಳೆಲ್ಲ ಶತ್ರುಗಳಾದರು. 1943ರ ಮಾರ್ಚಿನಲ್ಲಿ ಲಿಡೆಲ್ ಅವರನ್ನು ಶಾನ್‌ಡಾಂಗ್ ಪ್ರಾಂತ್ಯದ ವೈಶಿಯೆನ್ ಬಂಧನ ಶಿಬಿರಕ್ಕೆ ಒಯ್ಯಲಾಯಿತು. ಹಿಂದೊಮ್ಮೆ ಅಮೆರಿಕನ್ ಮಿಷನ್‌ನ ಆವರಣವಾಗಿದ್ದ ಆ ಜಾಗದಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಜನ ಕಿಕ್ಕಿರಿದಿದ್ದರು. ವ್ಯಾಪಾರಿಗಳು, ಪಾದ್ರಿಗಳು, ಸಂನ್ಯಾಸಿನಿಯರು, ಸಂಗೀತಗಾರರು ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಅನ್ನ ಪಡೆಯಬೇಕಿತ್ತು. ಮನೆಗೆ ರೆಡ್ ಕ್ರಾಸ್ ಮೂಲಕ ಕಳುಹಿಸಬಹುದಾಗಿದ್ದ ಸಂದೇಶಕ್ಕೆ 25 ಪದಗಳ ಮಿತಿ.

ಚೀಫೂ ಎಂಬ ಬಂದರು ಪಟ್ಟಣದಲ್ಲಿ ಮಿಷನರಿಗಳ ಮಕ್ಕಳಿಗಾಗಿ ನಡೆಯುತ್ತಿದ್ದ ವಸತಿಶಾಲೆಯೊಂದನ್ನು ಹಾಗೆಯೇ ಈ ಶಿಬಿರಕ್ಕೆ ಸಾಗಿಸಲಾಗಿತ್ತು. ಅವರಲ್ಲಿ ಅನೇಕರ ತಂದೆತಾಯಿಗಳು ಯುದ್ಧರೇಖೆಯ ಆಚೆಗೆ ಎಲ್ಲೋ ಇದ್ದರು. ಎಷ್ಟೋ ಮಕ್ಕಳು ಅವರನ್ನು ನೋಡಿ ವರ್ಷಗಳಾಗಿದ್ದವು. ಈ ಮಕ್ಕಳಿಗೆ ಲಿಡೆಲ್ 'ಅಂಕಲ್ ಎರಿಕ್' ಆದರು. ವಿಜ್ಞಾನ ಕಲಿಸಿದರು, ಪ್ರಯೋಗಾಲಯವಿಲ್ಲದ ಕಾರಣ ಉಪಕರಣಗಳ ಚಿತ್ರಗಳನ್ನು ಕೈಯಾರೆ ಬರೆದು ತೋರಿಸಿದರು. ಆಟಗಳನ್ನು ಏರ್ಪಡಿಸಿದರು, ಮುರಿದ ಹಾಕಿ ಕೋಲುಗಳನ್ನು ಬೆಸೆದುಕೊಟ್ಟರು. ಭಾನುವಾರ ಮಾತ್ರ ಆಟವಿಲ್ಲವೆಂಬ ನಿಯಮ ಅಲ್ಲಿಯೂ ಇತ್ತು. ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಆಡಲು ಹೋಗಿ, ನೋಡಿಕೊಳ್ಳುವವರಿಲ್ಲದೆ ಹೊಡೆದಾಡಿಕೊಂಡರು. ಮುಂದಿನ ಭಾನುವಾರ ಲಿಡೆಲ್ ತೀರ್ಪುಗಾರರಾಗಿ ಅಂಗಣಕ್ಕಿಳಿದರು. ಒಲಿಂಪಿಕ್ ಪದಕಕ್ಕಾಗಿ ಬಿಡದ ವ್ರತವನ್ನು ಮಕ್ಕಳಿಗಾಗಿ ಸಡಿಲಿಸಿದ ಈ ಸಂಗತಿಗೆ ಪ್ಯಾರಿಸ್ಸಿನ ಕಥೆಯಷ್ಟು ಪ್ರಚಾರ ದೊರೆತಿಲ್ಲ.

1945ರ ಆರಂಭದಲ್ಲಿ ಅವರಿಗೆ ತೀವ್ರ ತಲೆನೋವು ಕಾಣಿಸಿಕೊಂಡಿತು. ಅತಿಯಾದ ದುಡಿಮೆಯಿಂದ ನರಗಳು ದಣಿದಿವೆಯೆಂದು ಮೊದಲು ಭಾವಿಸಲಾಯಿತು. ಫೆಬ್ರವರಿ 21ರಂದು, ಫ್ಲಾರೆನ್ಸ್‌ಗೆ ಕಿರುಪತ್ರವೊಂದನ್ನು ಬರೆಸಿದ ದಿನವೇ, ಅವರು ಕೊನೆಯುಸಿರೆಳೆದರು. ಮೆದುಳಿನಲ್ಲಿ ಗಡ್ಡೆ ಬೆಳೆದಿತ್ತು. ವಯಸ್ಸು 43. ಟೊರಾಂಟೊದಲ್ಲಿದ್ದ ಫ್ಲಾರೆನ್ಸ್‌ಗೆ ಈ ಸುದ್ದಿ ಮುಟ್ಟಿದ್ದು ಮೇ ತಿಂಗಳಲ್ಲಿ. ಆಗಸ್ಟ್ 17ರಂದು ಅಮೆರಿಕನ್ ಸೈನಿಕರು ಪ್ಯಾರಾಚೂಟ್‌ಗಳಲ್ಲಿ ಇಳಿದು ಶಿಬಿರವನ್ನು ಬಿಡುಗಡೆಗೊಳಿಸಿದರು.

ಫ್ಲಾರೆನ್ಸ್ ಕೆನಡಾದಲ್ಲಿ ದಾದಿಯಾಗಿ ದುಡಿದು ಮೂವರು ಹೆಣ್ಣುಮಕ್ಕಳನ್ನು ಬೆಳೆಸಿದರು, 1984ರಲ್ಲಿ ನಿಧನರಾದರು. ವೈಶಿಯೆನ್ ಈಗ ವೈಫಾಂಗ್ ಎಂಬ ದೊಡ್ಡ ನಗರದ ಭಾಗ. 1991ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯವು ಸ್ಕಾಟ್ಲೆಂಡಿನ ಮಲ್ ದ್ವೀಪದಿಂದ ತರಿಸಿದ ಗ್ರಾನೈಟ್ ಸ್ಮಾರಕಶಿಲೆಯೊಂದನ್ನು ಅಲ್ಲಿ ನಿಲ್ಲಿಸಿತು.